ಹಮಾಮಿನ ಗುಂಡು ಗೋಡೆ

ಮಾವ ಮೂರನೆಯ ದಿನವೂ ಅದೇ ಹಾಳು ಸ್ನಾನಗೃಹದ ಸುದ್ದಿ ತೆಗೆದಾಗ ಫರ್ಹಾಗೆ ಅನುಮಾನ ಶುರುವಾಯಿತು. ಕಾರ್ಕ್ ನಗರದ ಡಗ್ಲಸ್ ಬಡಾವಣೆಯಲ್ಲಿ, ಅವರ ಮನೆಸಾಲಿನ ಹಿಂದೆಯೇ ಇತ್ತು ಅದು. ನೂರೈವತ್ತು ವರ್ಷದ ಹಿಂದೆ ಯಾರೋ ಡಾಕ್ಟರು ಅಲ್ಲಿಯ ಬುಗ್ಗೆ ನೀರನ್ನು ನಂಬಿ, ಟರ್ಕಿಯ ಹಮಾಮಿನ ಮಾದರಿಯಲ್ಲಿ ಕಟ್ಟಿಸಿದ್ದು. ನೆಲದಡಿ ಬಿಸಿಗಾಳಿಯ ಕಾಲುವೆ, ಗುಮ್ಮಟದಲ್ಲಿ ನಕ್ಷತ್ರದಾಕಾರದ ಕಿಂಡಿಗಳು. ರೋಗಿಗಳು ಬರುವುದು ನಿಂತ ಮೇಲೆ ಡಾನ್ಸ್ ಹಾಲ್ ಆಯಿತು, ಆಮೇಲೆ ಆಲೂಗಡ್ಡೆ ಗೋದಾಮು, ಈಗ ಪಾರಿವಾಳಗಳ ಪಾಲು. ವಿಜಯಪುರದ ಗೋಳಗುಮ್ಮಟದಲ್ಲಿ ಮೂವತ್ತು ವರ್ಷ ಗೈಡ್ ಆಗಿದ್ದ ಮಾವ ಮಹಮ್ಮದ್ ಸಾಹೇಬರು ಇದನ್ನೆಲ್ಲ ಊಟದ ಹೊತ್ತಿಗೆ ಟಿಕೆಟ್ ಕೊಂಡವರಿಗೆ ಹೇಳಿದಂತೆ ಹೇಳುತ್ತಿದ್ದರು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಪಾರಿವಾಳ ನೋಡಲು ದಿನಾ ಅಲ್ಲಿಗೆ ಹೋಗಿ ಎರಡು ತಾಸು ಕಳೆಯಬೇಕೆ?

ಅವಳ ಭಯ ಬೇರೆಯೇ ಇತ್ತು. ಊರಲ್ಲಿ ಅತ್ತೆ ಕೊರೊನಾದಿಂದ ತೀರಿಕೊಂಡು ಹದಿನೆಂಟು ದಿನವಾಗಿತ್ತು. ಮೊಮ್ಮಗಳನ್ನು ನೋಡಲು ಒಬ್ಬರೇ ಬಂದಿದ್ದ ಮಾವ ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ಅವರ ಎದೆಯಲ್ಲಿ ಎರಡು ಸ್ಟೆಂಟ್. "ಗೊತ್ತಾದ್ರೆ ಅಬ್ಬಾನೂ ಉಳಿಯಲ್ಲ," ಎಂದಿದ್ದ ಗಂಡ ತಾಹಾ. ಅಂದಿನಿಂದ ಇಬ್ಬರೂ ಸೇರಿ ಸುಳ್ಳಿನ ಮೇಲೆ ಸುಳ್ಳು ಪೋಣಿಸಿದರು: ಅಮ್ಮಿಯ ಗಂಟಲು ಕೂತಿದೆ, ಅಮ್ಮಿ ಮಲಗಿದ್ದಾರೆ, ಅಮ್ಮಿ ಸಲಾಮ್ ಹೇಳಿದರು. ಕೆಟ್ಟಿದೆ ಎಂದು ಮಾವನ ಫೋನನ್ನು ಬೀರುವಿನಲ್ಲಿ ಬಚ್ಚಿಟ್ಟವಳೂ ಫರ್ಹಾನೇ.

ಕಾರ್ಕ್‌ನ ಕನ್ನಡಿಗರಿಗೆಲ್ಲ ಸಾವಿನ ಸುದ್ದಿ ಗೊತ್ತಿತ್ತು. ಅವರಲ್ಲಿ ಒಬ್ಬರು ಬಾಯಿಬಿಟ್ಟರೂ ಮುಗಿಯಿತು. ಅದರಲ್ಲೂ ಮೂರನೇ ಮನೆಯ ಚಾಮರಾಜ, ಮೈಸೂರಿನ ಸಾಫ್ಟ್‌ವೇರ್ ಇಂಜಿನಿಯರ್, ಬಾಯಲ್ಲಿ ಎಳ್ಳುಕಾಳು ನೆನೆಯದ ಆಸಾಮಿ. ಹಿಂದಿನ ದಿನ ಗೇಟಿನ ಬಳಿ ಹೇಗಿದ್ದೀರಾ ಎಂದು ಕೇಳಿದರೆ ಇಲ್ಲಿಯವರು ಚೆನ್ನಾಗಿದ್ದೀನಿ ಎನ್ನಲು ಹೇಳುವಂತೆ "ಗ್ರ್ಯಾಂಡ್, ಗ್ರ್ಯಾಂಡ್" ಎಂದು ಮುಖ ತಪ್ಪಿಸಿ ನಡೆದಿದ್ದ. ಎಂದೂ ಅರ್ಧ ಗಂಟೆಗೆ ಮೊದಲು ಬಿಡದ ಮನುಷ್ಯ!

ನಾಲ್ಕನೆಯ ದಿನ ಮಗುವನ್ನು ತಾಹಾನ ಕೈಗೆ ಕೊಟ್ಟು, ಮಾಸ್ಕ್ ಏರಿಸಿಕೊಂಡು, ಫರ್ಹಾ ಮಾವನ ಹಿಂದೆಯೇ ಹೊರಟಳು. ಪಟ್ಟೆಪಟ್ಟೆ ಇಟ್ಟಿಗೆಯ ಕಮಾನು ದಾಟಿ ಒಳಗಿನ ಗುಂಡು ಕೋಣೆಗೆ ಇಣುಕಿದಳು. ಆ ತುದಿಯಲ್ಲಿ ಮಾವ, ಗೋಡೆಗೆ ಮುಖ ಮಾಡಿ. ಈ ತುದಿಯಲ್ಲಿ, ಬಾಗಿಲ ಪಕ್ಕದಲ್ಲೇ, ಗೋಡೆಗೆ ಕಿವಿ ಹಚ್ಚಿದ ಚಾಮರಾಜ. ಹೇಳಿಬಿಟ್ಟಿದ್ದಾನೆ ಪಾಪಿ. ಅವಳನ್ನು ಕಂಡ ಚಾಮರಾಜ ಬೆಚ್ಚಿ ಪಕ್ಕಕ್ಕೆ ಸರಿದ. ಅವನು ಬಿಟ್ಟ ಜಾಗದಲ್ಲಿ ಫರ್ಹಾ ತಾನೇ ಕಿವಿಯಿಟ್ಟಳು. ಗೋಳಗುಮ್ಮಟದಲ್ಲಿ ಆಗುವಂತೆ, ಆ ತುದಿಯ ಪಿಸುಮಾತು ಗೋಡೆಗುಂಟ ಬಂದು ಸ್ಪಷ್ಟವಾಗಿ ಕೇಳಿಸಿತು.

"ನೀ ಹೌದು ಅನಬ್ಯಾಡ, ಅಲ್ಲ ಅನಬ್ಯಾಡ ಚಾಮರಾಜ. ಕೇಳು, ಸಾಕು. ಹೋದ ವಾರ ಸೊಸಿ ಅಂದ್ಳು, 'ಮಹಮ್ಮದ್ ಸಾಹೇಬ್ರು ಗುಳಿಗಿ ತಗೊಂಡ್ರೇನು ಅಂತ ಅಮ್ಮಿ ಕೇಳಿದ್ರು' ಅಂತ. ನಲವತ್ತೆರಡು ವರ್ಷದಾಗ ಆಕಿ ಬಾಯಾಗ ನನ್ನ ಹೆಸರು ಒಮ್ಮೆನೂ ಬಂದಿಲ್ಲ. ತಾಹಾನ ಅಬ್ಬಾ ಅಂತಿದ್ಲು. ಅವತ್ತ ತಿಳೀತು ನಂಗ. ಮನ್ಯಾಗ ಅತ್ರ ಹುಡುಗ್ರು ಹೆದರ್ತಾರ. ಅದಕ್ಕ ಇಲ್ಲಿಗೆ ಬರ್ತೀನಿ."

ಗಂಡನನ್ನು ಹೆಸರು ಹಿಡಿದೇ ಕರೆಯುವ ಬೆಂಗಳೂರಿನ ಹುಡುಗಿ ಫರ್ಹಾಗೆ ಅದು ಹೊಳೆದಿರಲೇ ಇಲ್ಲ. ಮಾಸ್ಕ್ ಕೆಳಗೆಳೆದು ಗೋಡೆಗೆ ಬಾಯಿಟ್ಟಳು.

"ಅಬ್ಬಾ, ನಾನು ಫರ್ಹಾ. ಅಮ್ಮಿ ಹೋಗಿ ಹತ್ತೊಂಬತ್ತು ದಿನ ಆಯ್ತು. ನಾವೇ ಮುಚ್ಚಿಟ್ವಿ."

ಮಾವ ತಿರುಗಲಿಲ್ಲ. ಅವರ ಕೈ ಎದೆಗೆ ಹೋಯಿತು. ಅವಳು ಓಡಲು ಹೆಜ್ಜೆ ಎತ್ತುವಷ್ಟರಲ್ಲಿ ಕೈ ಕೆಳಗಿಳಿಯಿತು.

"ಮಣ್ಣು ಯಾರು ಕೊಟ್ರವ್ವಾ?"

ನಮ್ಮವರೆಲ್ಲ ಇದ್ದರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಫರ್ಹಾ ಅದನ್ನು ನುಂಗಿಕೊಂಡಳು.

"ನಮ್ಮವ್ರು ಯಾರೂ ಇರ್ಲಿಲ್ಲ ಅಬ್ಬಾ. ಪಿಪಿಇ ಕಿಟ್ ಹಾಕ್ಕೊಂಡಿದ್ದ ನಾಲ್ಕು ಜನ. ಅವ್ರೇ ಕೊಟ್ರು."

ಚಾಮರಾಜ ಸದ್ದಿಲ್ಲದೆ ಹೊರಗೆ ಹೋದ. ಕೊನೆಗೆ ಮಾವ ಕಣ್ಣೊರೆಸಿಕೊಂಡು ಮತ್ತೆ ಗೋಡೆಯ ಹತ್ತಿರ ಬಾಗಿದರು.

"ನಡಿ, ಮನಿಗೆ ಹೋಗೋಣು. ತಾಹಾ ಇನ್ನೂ ಅತ್ತಿಲ್ಲ."