ಕರಡಿಗೆಯೊಳಗಿನ ಕಬ್ಬಿಣ

"ಕರಡಿಗಿ ಬಿಡು ಸಾವಿತ್ರೆವ್ವಾ, ಲಿಂಗ ತಗದು ಎಡಗೈಯಾಗ ಇಡಬೇಕು," ಎಂದು ಸಂಗಯ್ಯನವರು ಶವದ ಕೊರಳಿನ ಶಿವದಾರಕ್ಕೆ ಕೈ ಹಾಕಿದರು.

ಸಾವಿತ್ರೆವ್ವ ಗಂಡನ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಮುಚ್ಚಿದ್ದನ್ನ ಮುಚ್ಚಿದ್ಹಂಗ ಮಣ್ಣಿಗೆ ಕಳಸ್ರಿ ಅಯ್ಯನೋರ. ನಿಮ್ಮ ಕಾಲ ಬೀಳ್ತೇನಿ."

"ಹಂಗ ಪದ್ಧತಿ ಇಲ್ಲವಾ."

ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಅಮಾತೆಪ್ಪ, ಯಾರದೋ ಕತೆ ಕೇಳುತ್ತ ನಿದ್ದೆ ಹೋದವನಂತಿದ್ದ. ಗುಳೇದಗುಡ್ಡದ ಆ ಓಣಿಯಲ್ಲಿ ಇವತ್ತು ಮಗ್ಗಗಳ ಸದ್ದಿರಲಿಲ್ಲ, ಪಡಸಾಲೆಯ ಭಜನೆಯ ತಾಳವಷ್ಟೇ. ಹೊರಗೆ ಕಟ್ಟೆಯ ಮೇಲೆ ಪಕ್ಕದ ಮನೆಯ ಈರಪ್ಪನ ದನಿ ಕೇಳುತ್ತಿತ್ತು.

"ಫೌಜಿನಾಗ ಎಷ್ಟ ಮಂದಿನ್ನ ಕೊಂದಿಯೋ ಅಂತ ಕೇಳಿದ್ರ, ಒಬ್ಬನ್ನ ಅಂತಿದ್ದ."

"ಪಿಸ್ತೂಲ ರಿಪೇರಿ ಮಾಡಾಂವ ಯಾರನ್ನ ಕೊಲ್ತಾನ್ಲೇ? ಸುಳ್ಳ ಹೇಳ್ಯಾನ!"

ನಕ್ಕರು. ನಕ್ಕದ್ದು ನೆನಪಾಗಿ ಕೆಮ್ಮಿದರು.

ಶವದ ಪಾದದ ಬಳಿ ಚೊಳಚಗುಡ್ಡದ ಶಿವಗಂಗಾ ಕೂತಿದ್ದಳು. ಅಮಾತೆಪ್ಪನ ಕೈಕೆಳಗೆ ಸಿಪಾಯಿಯಾಗಿದ್ದ ಮಹಾಂತೇಶನ ತಾಯಿ. ಮಗನ ಹೆಣವನ್ನು ಅಮಾತೆಪ್ಪನೇ ಊರಿಗೆ ತಂದಿದ್ದ. ಅಂದಿನಿಂದ ಪ್ರತಿ ವರ್ಷವೂ ಪಂಚಮಿಗೆ ತಮ್ಮನ ಹಾಗೆ ಅವಳಿಗೆ ಖಣ ಹಿಡಿದುಕೊಂಡು ಹೋಗುತ್ತಿದ್ದ. ಈಗ ಅವಳು ತೊಟ್ಟ ಕುಪ್ಪಸವೂ ಅವನು ಕೊಟ್ಟ ಖಣದ್ದೇ.

"ಬಿಡವಾ ಸಾವಿತ್ರಿ," ಎಂದಳು. "ನನ್ನ ಮಗ ತನ್ನ ತಪ್ಪಿನಿಂದ ತಾ ಸತ್ತಾ. ಅಂಥಾವಂಗ ಹೆಗಲ ಕೊಟ್ಟಾಂವ ಇಂವ. ಲಿಂಗ ಇಲ್ಲದ ಹೋಗಬಾರದು."

*

ಮದುವೆಯಾದ ಹೊಸತರಲ್ಲಿ, ಅವಳು ನೂಲು ಸುತ್ತುವಾಗ, ರಜೆಗೆ ಬಂದ ಅಮಾತೆಪ್ಪ ಕತೆ ಹೇಳುತ್ತಿದ್ದ. ರಾಜರ ಕತೆಯಲ್ಲ.

"ಒಬ್ಬ ದೊಡ್ಡ ಕಾರೀಗರ ಪಿಸ್ತೂಲ ಮಾಡಾಕ ಕುಂತಾ. ಪೂರಾ ಆಗೂದ್ರೊಳಗ ಸತ್ತಾ. ಸಂಗಾತಿ ಮುಗಿಸಿದಾ. ಫ್ರಾನ್ಸಿನ ಫೌಜಿನವ್ರು, ಗುಂಡು ತುಂಬೂ ಡಬ್ಬಿ, ಅದ ಮ್ಯಾಗಜೀನ್, ತಗದ ಮ್ಯಾಲ ಟ್ರಿಗರ್ ಎಳದ್ರೂ ಗುಂಡು ಹಾರಬಾರದು ಅಂದಿದ್ರು. ಅದಕ್ಕಂತ ಒಳಗ ಒಂದು ಸಣ್ಣ ಕಬ್ಬಿಣದ ನಾಲಿಗಿ ಇಟ್ರು."

"ಮ್ಯಾಗಜೀನ್ ತಗದ್ರ ಗುಂಡು ಎಲ್ಲಿರತೈತಿ?"

"ಕೊಳವಿಯೊಳಗ ಒಂದು ಉಳದಿರತೈತಿ ಹುಚ್ಚಿ. ಮಂದಿ ಖಾಲಿ ಅಂತ ತಿಳೀತಾರ." ನಗುತ್ತಿದ್ದ. "ಕೇಳಿದ ಫ್ರಾನ್ಸಿನವ್ರು ಕಡೀಕ ಆ ಪಿಸ್ತೂಲ ತಗೊಳ್ಳಲೇ ಇಲ್ಲ. ನಾಲಿಗಿ ಮಾತ್ರ ಉಳೀತು."

ಆಮೇಲೊಮ್ಮೆ ಸಾಹೇಬರೊಬ್ಬರಿಗೆ ಗುರಿ ಹೊಡೆಯುವ ಸ್ಪರ್ಧೆ ಬಂತು. ಆ ನಾಲಿಗೆಯಿಂದ ಟ್ರಿಗರ್ ಬಿಗಿಯಾಗುತ್ತದೆ, ಕಿತ್ತುಹಾಕು ಎಂದರು. ಅಮಾತೆಪ್ಪ ಕಿತ್ತ. ಯಾರಿಗೂ ಹೇಳಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಅದೇ ಪಿಸ್ತೂಲನ್ನು ಒರೆಸಲು ಕೂತ ಮಹಾಂತೇಶ ಮ್ಯಾಗಜೀನ್ ತೆಗೆದಿಟ್ಟು ಟ್ರಿಗರ್ ಎಳೆದ. ಕೊಳವೆಯೊಳಗೆ ಒಂದು ಗುಂಡು ಉಳಿದಿತ್ತು. 'ಮ್ಯಾಗಜೀನ್ ತಗದ್ರ ಅದು ಸತ್ತ್ಹಂಗ' ಎಂದು ಅವನಿಗೆ ಕಲಿಸಿದವನು ಅಮಾತೆಪ್ಪನೇ.

ವಿಚಾರಣೆಯಲ್ಲಿ ಸತ್ತವನದೇ ತಪ್ಪು ಎಂದಾಯಿತು. ಸಾಹೇಬರು ಸುಮ್ಮನಿದ್ದರು. ಅಮಾತೆಪ್ಪನೂ ಸುಮ್ಮನಿದ್ದ. ಮನೆಗೆ ಬಂದವನು ಲಿಂಗವನ್ನು ಜಗಲಿಯ ಮೇಲಿಟ್ಟ. "ಇನ್ನ ನೀನ ಪೂಜಿ ಮಾಡು," ಎಂದ. ಕರಡಿಗೆಯನ್ನು ಮಾತ್ರ ಕೊರಳಿನಿಂದ ತೆಗೆಯಲಿಲ್ಲ.

*

ಸಂಗಯ್ಯನವರು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಮುಚ್ಚಳ ತೆರೆದರು. ಅಂಗೈಗೆ ಬಿದ್ದದ್ದು ಕಬ್ಬಿಣದ ಸಣ್ಣ ತುಂಡು.

"ಇದೇನವಾ?"

ತಾಯತ ಎನ್ನಬಹುದಿತ್ತು. ಸಾವಿತ್ರೆವ್ವನ ಕಣ್ಣು ಶಿವಗಂಗಾಳ ಕುಪ್ಪಸದ ಮೇಲೆ ಹೋಯಿತು.

"ಯಕ್ಕಾ, ನಿನ್ನ ಮಗಂದು ಏನೂ ತಪ್ಪಿದ್ದಿಲ್ಲ," ಎಂದಳು. ಉಳಿದದ್ದನ್ನೂ ಹೇಳಿದಳು.

ಭಜನೆಯ ತಾಳ ನಿಂತಿತು. ಶಿವಗಂಗಾ ಸಾವಿತ್ರೆವ್ವನ ಕಡೆ ತಿರುಗಿದಳು.

"ನೀನೂ ಬಲ್ಲಿ?"

"ಬಲ್ಲೆ."

"ಪಂಚಮಿಗೆ ಬಂದು ನನ್ನ ಮಗನ ಫೋಟೋದ ಮುಂದ ಕುಂತು ಉಂಡಾ. ಉಂಡಿ ಭಾಳ ಚಲೋ ಆಗ್ಯಾವ ಯಕ್ಕಾ, ಅಂದಾ. ಹುಡುಗ ಎಚ್ಚರಗೇಡಿ ಇದ್ದ ಅಂತ ನಾ ಅತ್ರ, ಹೂಂ ಅಂದಾ."

ಸಾವಿತ್ರೆವ್ವ ಎದ್ದು ಜಗಲಿಯಿಂದ ಲಿಂಗ ತಂದು ಸಂಗಯ್ಯನವರ ಕೈಗಿತ್ತಳು. ಅವರು ಮುಂದೆ ಬಾಗುವಷ್ಟರಲ್ಲಿ ಶಿವಗಂಗಾ ಅವರ ಇನ್ನೊಂದು ಅಂಗೈಯಿಂದ ಕಬ್ಬಿಣದ ತುಂಡನ್ನು ಎತ್ತಿಕೊಂಡು ಅಮಾತೆಪ್ಪನ ಎಡಗೈಗೆ ತುರುಕಿದಳು. ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಚಿ ಒತ್ತಿದಳು.

"ಇದನ್ನ ಹಿಡಕೊಂಡು ಹೋಗಲಿ."

ಯಾರೂ ಅವಳ ಕೈ ಹಿಡಿಯಲಿಲ್ಲ. ಸಾವಿತ್ರೆವ್ವನೂ ಹಿಡಿಯಲಿಲ್ಲ. ಸಂಗಯ್ಯನವರು ಲಿಂಗ ಹಿಡಿದು ನಿಂತೇ ಇದ್ದರು. ವಿಭೂತಿ ಬಳಿದ ಮುಷ್ಟಿಯ ಸಂದಿಯಿಂದ ಕಬ್ಬಿಣದ ನಾಲಿಗೆಯ ಕಪ್ಪು ತುದಿ ಹೊರಗೆ ಚಾಚಿತ್ತು.