ಅಂಬರಾಯನ ಹಿಮ್ಮಡಿ

ಅಂಬರಾಯನನ್ನು ಒಂದೆಡೆ ನೆಟ್ಟಗೆ ನಿಲ್ಲಿಸುವುದು ಅವನ ಹೆತ್ತವರಿಂದಲೂ ಆಗಿರಲಿಕ್ಕಿಲ್ಲ. ಬಸ್ಸಿಗೆ ಕಾಯುವಾಗಲೂ, ಮದುವೆಮನೆಯ ಊಟದ ಸಾಲಿನಲ್ಲಿ ನಿಂತಾಗಲೂ ಅವನ ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿರುತ್ತದೆ. ಈಗಲೇ ಯಾರೋ ಸೀಟಿ ಊದುತ್ತಾರೆ, ತಾನೊಬ್ಬನೇ ಹಿಂದುಳಿಯುತ್ತೇನೆ ಎಂಬ ಆತಂಕ ಅಲ್ಲಿ ಕಾಯಂ ಬಿಡಾರ ಹೂಡಿದೆ.

ಚಿತ್ತಾಪುರದ ಕಾಲೇಜಿನಲ್ಲಿ ನಾವಿಬ್ಬರೂ ಕೂಡಿ ಓದುವಾಗ ಅವನು ಎಂಟುನೂರು ಮೀಟರ್ ಓಟಗಾರ. ಅವನು ಗೆದ್ದ ಪದಕಗಳಿಗಿಂತ, ಪ್ರತಿ ಓಟದ ಮುನ್ನ ಬೇವಿನ ಮರದ ಹಿಂದೆ ಹೋಗಿ ವಾಂತಿ ಮಾಡುತ್ತಿದ್ದುದೇ ನಮಗೆ ಹೆಚ್ಚು ನೆನಪು. ಓದು ಮುಗಿದ ಮೇಲೆ, ವಾಡಿಯ ಹೊರಗೆ ಹಳೆಯ ಗಣಿ ಮುಚ್ಚಿ ಹುಲ್ಲು ಬೆಳೆಸಿದ ಗಾಲ್ಫ್ ಮೈದಾನದಲ್ಲಿ ಮೇಲ್ವಿಚಾರಕನಾದ; ಆಡುವವರನ್ನು ನೋಡುತ್ತ ನೋಡುತ್ತ ಆಟ ಕಲಿತು, ತರಬೇತುದಾರನೂ ಆದ. ಈಗ ಹೈದರಾಬಾದಿನವರು ಕಾರಿನಲ್ಲಿ ಮಕ್ಕಳನ್ನು ಕರೆತಂದು ಅವನ ಮುಂದೆ ನಿಲ್ಲಿಸುತ್ತಾರೆ. ಕಡು ಬೇಸಿಗೆಯಲ್ಲೂ ಕಾಲೇಜಿನ ಕಾಲದ ನೀಲಿ ಜಾಕೀಟಿನ ಜಿಪ್ಪನ್ನು ಕೊರಳವರೆಗೆ ಏರಿಸಿಕೊಂಡ ಈ ಮನುಷ್ಯ ಆ ಮಕ್ಕಳಿಗೆ ಮೊದಲು ಹುಲ್ಲನ್ನೇ ಮುಟ್ಟಗೊಡುವುದಿಲ್ಲ. ಶಹಾಬಾದ ಕಲ್ಲಿನ ಪರಸಿ ಹಾಸಿದ ವರಾಂಡದಲ್ಲಿ ಚೆಂಡು ಉರುಳಿಸಲು ಹಚ್ಚುತ್ತಾನೆ.

"ಕಲ್ಲಿನ ಮ್ಯಾಲ ಚೆಂಡ ನಿಂದ್ರಸಾಕ ಬಂತಂದ್ರ ಹುಲ್ಲಿನ ಮ್ಯಾಲ ತಾನೇ ನಿಂದರ್ತದ" ಎನ್ನುತ್ತಾನೆ.

ಹೋದ ಜನವರಿಯಲ್ಲಿ ಅದೇ ಮೈದಾನದಲ್ಲಿ ರಾಜ್ಯ ತಂಡದ ಆಯ್ಕೆ ನಡೆದಾಗ ನಾನೂ ನೋಡಲು ಹೋಗಿದ್ದೆ. ಅವನ ಶಿಷ್ಯೆ, ಭಂಕೂರದ ಲುಂಬಿನಿಗೆ ಉಳಿದದ್ದು ಕೊನೆಯ ಗುಳಿ. ಚೆಂಡು ಅದರ ಹತ್ತಿರ ಬಂದಿತ್ತು; ಇನ್ನೊಂದೇ ಹೊಡೆತಕ್ಕೆ ಒಳಗೆ ಬಿದ್ದರೆ ತಂಡದಲ್ಲಿ ಜಾಗ, ಇಲ್ಲವಾದರೆ ಇಲ್ಲ. ಹಗ್ಗದ ಹೊರಗೆ ನಿಂತ ಗುರು ಮಾತಾಡಬಾರದು, ಸನ್ನೆ ಮಾಡಬಾರದು ಎಂಬುದು ನಿಯಮ. ಅಂಬರಾಯ ತುಟಿ ಕಚ್ಚಿ, ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡಿದ್ದ. ಪಕ್ಕದಲ್ಲಿದ್ದ ಹುಡುಗಿಯ ತಾಯಿ ಮಾಣಿಕಮ್ಮ ಹೆಮ್ಮೆಯಿಂದ ಹೇಳಿದಳು:

"ಆಕಿ ನಿಮ್ಮ ಹಿಮ್ಮಡಿ ನೋಡೇ ಹೊಡಿತಾಳ್ರಿ ಸರ. ಅದು ಎದ್ದಷ್ಟೂ ಮೆಲ್ಲಗ ಹೊಡಿಬೇಕಂತ ಆಕಿ ಲೆಕ್ಕ."

ಅಂಬರಾಯ ಬಗ್ಗಿ ತನ್ನ ಕಾಲು ನೋಡಿಕೊಂಡ. "ಯವ್ವಾ, ಅದು ಹೇಳಿಕೊಟ್ಟಂಗ ಆತಲ್ಲ!"

ಹಿಮ್ಮಡಿಯನ್ನು ನೆಲಕ್ಕೊತ್ತಿದ, ಅದು ಮತ್ತೆ ಎದ್ದಿತು. ನೇರವಾಗಿ ತೀರ್ಪುಗಾರರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟ. ಹುಡುಗಿಯ ಆಟ ಇಲ್ಲಿಗೇ ಮುಗಿಯಿತೆಂದುಕೊಂಡೆ. ಅವರು ಅವನ ಕಾಲನ್ನೇ ನೋಡುತ್ತ, "ಅರಿಯದೆ ಆದದ್ದಕ್ಕೆ ದಂಡ ಹಾಕುವುದಿಲ್ಲ. ಆದರೆ ಇನ್ನು ಅವಳ ಕಣ್ಣಿಗೆ ಬೀಳಬೇಡಿ" ಎಂದರು.

ಅವನು ನೀರಿನ ಟಾಕಿಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನೂ ಹಿಂದೆಯೇ ಹೋದೆ. "ಹೊಡದಳೇನೋ? ನೋಡಪಾ, ಹೊಡದಳೇನು?" ಎಂದು ಜೀವ ತಿಂದ. ಅತ್ತ ಚಪ್ಪಾಳೆ ಕೇಳಿಸಿತು. ಯಾರಿಗೆಂದು ನನಗೂ ತಿಳಿಯಲಿಲ್ಲ.

ಆಗ ಲುಂಬಿನಿ ಓಡಿಬಂದಳು. "ಸರ, ಬಿತ್ರಿ! ನಿಮ್ಮನ್ನ ಭಾಳ ಹುಡುಕಿದೆ, ಕಾಣ್ಲಿಲ್ರಿ. ಆಮ್ಯಾಲ ನಾನೇ ಅಂದಾಜ ಮಾಡಿ ಹೊಡದೆ."

"ಛಲೋ ಆತವ್ವ" ಎಂದು ಅವಳ ತಲೆ ಮುಟ್ಟಿದ. ಅವಳು ತಾಯಿಯ ಕಡೆ ಓಡಿದ ಮೇಲೆ ನನ್ನತ್ತ ತಿರುಗಿ, "ಇನ್ನ ಈಕಿಗೆ ನಾ ಏನ್ ಹೇಳಿಕೊಡ್ಲೋ?" ಎಂದ. ಕಣ್ಣು ತುಂಬಿದ್ದವು, ಸಂತೋಷವೂ ಇತ್ತು. ಆದರೆ ಭಯ ಮಾತ್ರ ಹೋಗಿರಲಿಲ್ಲ.

ಕಲಿಸುವವರೇ ಹೀಗೇನೋ. ಮಕ್ಕಳು ಎಲ್ಲಿ ಸೋತುಬಿಡುತ್ತಾರೋ ಎಂದು ಮೊದಲು ನಡುಗುತ್ತಾರೆ. ಗೆದ್ದ ಮೇಲೆ, ಇನ್ನು ತಾವು ಬೇಡವಾದೆವೇನೋ ಎಂದು ನಡುಗುತ್ತಾರೆ. ಆದರೂ ಮರುದಿನ ಬೆಳಿಗ್ಗೆ ಎದ್ದು, ತಮ್ಮನ್ನು ನೋಡದೆ ಆಡುವುದನ್ನು ಮತ್ತೊಬ್ಬರ ಮಕ್ಕಳಿಗೆ ಕಲಿಸಲು ಹೊರಡುತ್ತಾರೆ.