ಕೆಂಚಿಯ ದನಿ

ಬೊಮ್ಮನಹಾಳ್ ಬಿಟ್ಟು ಬೊಮ್ಮನಹಳ್ಳಿಗೆ ಬಂದವಳು ಎಂದು ಫ್ಯಾಕ್ಟರಿಯ ಹೊಲಿಗೆ ಲೈನಿನ ಹೆಂಗಸರು ಮೊದಮೊದಲು ಶಂಕ್ರಮ್ಮನನ್ನು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಊರು ಆಂಧ್ರದ ಗಡಿಯೊಳಗಿನ ಬೊಮ್ಮನಹಾಳ್ ಮಂಡಲದ ನೇಮಕಲ್ಲು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ. "ಹಾಳು ಬಿಟ್ಟು ಹಳ್ಳಿ ಹಿಡಿದೀನಿ ನೋಡ್ರಿ" ಎಂದು ಅವಳೂ ನಕ್ಕುಬಿಡುತ್ತಿದ್ದಳು.

ಹದಿನೈದರ ವಯಸ್ಸಿನಿಂದ ರಾಯದುರ್ಗದ ಶೆಡ್ಡುಗಳಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲೆದು ಕೈ ಪಳಗಿದವಳು ಅವಳು. ಗಂಡ ಮಾರೇಶ್ ಬಳ್ಳಾರಿಗೆ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಮನೆಯವರ ಮಾತು ಕೇಳಿಕೊಂಡು ರಾಯದುರ್ಗದಲ್ಲಿ ಇರಲಾರದೆ, ನಾಲ್ಕು ವರ್ಷದ ಮಗಳು ಸುಶ್ಮಿತಾಳನ್ನು ನೇಮಕಲ್ಲಿನ ತಾಯಿ ಸುಂಕಮ್ಮನ ಮಡಿಲಿಗೆ ಹಾಕಿ ಬೆಂಗಳೂರಿನ ಬಸ್ಸು ಹತ್ತಿದ್ದಳು. ಅದೇ ಲೈನಿನಲ್ಲಿ ಹೊಲಿಯುವ, ಮಡಕಶಿರಾ ಕಡೆಯ ಕದರಮ್ಮ ಎಂಬವಳ ಜೊತೆ ಒಂದು ಕೋಣೆ ಹಿಡಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಶರ್ಟಿನ ಕಾಲರು, ಭಾನುವಾರ ಬಟ್ಟೆ ಒಗೆತ, ಆಮೇಲೆ ಮೂಲೆಯ ಜೆರಾಕ್ಸ್ ಅಂಗಡಿಯ ಫೋನಿನಿಂದ ಊರಿಗೆ ಮಾತು. ಇದು ಅವಳ ವಾರ.

ಆ ಫೋನಿನ ಮಾತು ಇಡೀ ಬೀದಿಗೆ ಕೇಳುತ್ತಿತ್ತು. ನೇಮಕಲ್ಲು ದೂರ ಇದೆಯೆಂದು ದನಿ ಎತ್ತರಿಸಿಯೇ ಮಾತಾಡುವಳು. ಶುರು ಯಾವಾಗಲೂ ಒಂದೇ. "ಎಲ್ಲಿದ್ದೀಯವ್ವಾ ನನ್ನ ಕೂಸ? ಉಂಡಿಯೇನು? ಹೊಟ್ಟಿ ತುಂಬ ಉಂಡಿಯೇನು?"

ಒಂದು ಭಾನುವಾರ ಅಂಗಡಿಯಲ್ಲಿ ಕಾಗದ ಜೆರಾಕ್ಸ್ ಮಾಡಿಸುತ್ತ ನಿಂತಿದ್ದವನೊಬ್ಬ ಅವಳು ಫೋನ್ ಇಡುವವರೆಗೂ ಕಾದ. ರಂಗನಾಥ್ ಅವನ ಹೆಸರು. ಮಕ್ಕಳಿಗಾಗಿ ಕನ್ನಡದಲ್ಲಿ ಕಾರ್ಟೂನ್ ಸಿನಿಮಾ ಮಾಡಿ ಡಿವಿಡಿ ಹಾಕಿ ಮಾರುವ ಸಣ್ಣ ಕಂಪನಿ ಅವನದು. ಚುರುಕಿ ಎಂಬ ಅಳಿಲಿನ ಕಥೆ, ಅದರ ಜೊತೆಗೆ ಕೆಂಚಿ ಎಂಬ ಕುರಿ. ಅಳಿಲಿಗೆ ದನಿ ಕೊಡಲು ರೇಡಿಯೋದಲ್ಲಿ ಪಳಗಿದ ಹುಡುಗಿ ಸಿಕ್ಕಿದ್ದಾಳೆ, ಕುರಿಗೆ ಮಾತ್ರ ಯಾರೂ ಒಗ್ಗುತ್ತಿಲ್ಲ ಎಂದು ವಿವರಿಸಿದ. ಕೊನೆಗೆ ಹೇಳಿದ, "ನಿಮ್ಮ ಮಾತಲ್ಲಿ ಮಣ್ಣಿನ ವಾಸನೆ ಇದೆ ನೋಡಿ. ಅದನ್ನ ಕಲಿಸೋಕಾಗಲ್ಲ."

ಶಂಕ್ರಮ್ಮನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು ಅವಳು ಬಾಯಿ ತೆರೆದರೆ ಸಾಕು, ಕನ್ನಡ ಮಾತಾಡಮ್ಮ ಎನ್ನುತ್ತಿದ್ದ. ಕನ್ನಡವೇ ಅಲ್ಲವೇ ತಾನು ಆಡುವುದು ಎಂದು ಅವಳಿಗೆ ಅನ್ನಿಸುತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಈಗ ಒಬ್ಬ ಓದಿದ ಮನುಷ್ಯ ತನ್ನ ಮಾತನ್ನೇ ಹುಡುಕಿಕೊಂಡು ಬಂದಿದ್ದ. ಕೋಣೆಗೆ ಬಂದು ಕದರಮ್ಮನಿಗೆ ಹೇಳಿದಾಗ ಅವಳು ಅನುಮಾನಿಸಿದಳು. ಮೊದಲ ಸಲ ತಾನೂ ಜೊತೆಗೆ ಹೋದಳು. ಅಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆ, ಒಂದು ಮೈಕು, ಗಾಜಿನಾಚೆ ಕಂಪ್ಯೂಟರಿನ ಮುಂದೆ ಇಬ್ಬರು ಹುಡುಗರು. ಕೆಟ್ಟದ್ದೇನೂ ಕಾಣಲಿಲ್ಲ. "ಹೋಗ್ ಬಾ ಕಣಕ್ಕ, ಭಾನುವಾರ ಕೂತು ಅಳೋದಕ್ಕಿಂತ ವಾಸಿ" ಎಂದಳು ಕದರಮ್ಮ.

ಎರಡು ವರ್ಷದಲ್ಲಿ ಆರು ಸಿನಿಮಾ ಆದವು. ಮೊದಲನೆಯದರಲ್ಲಿ ಕೆಂಚಿಗೆ ಹತ್ತೇ ಮಾತು. ಮಕ್ಕಳಿಗೆ ಹಿಡಿಸಿದೆ ಎಂದು ಎರಡನೆಯದರಲ್ಲಿ ಇನ್ನಷ್ಟು, ಮೂರನೆಯದರಲ್ಲಿ ಚುರುಕಿಗೆ ಸರಿಸಮ. ದನಿ ಮೊದಲು ಹಿಡಿದಿಟ್ಟುಕೊಂಡು ಚಿತ್ರ ಆಮೇಲೆ ಬರೆಯುತ್ತಿದ್ದರು. ಬಾಡಿಗೆಯ ಕೋಣೆಯಲ್ಲಿ ಟಿವಿಯೂ ಇರಲಿಲ್ಲ, ಹಾಗಾಗಿ ಶಂಕ್ರಮ್ಮ ತನ್ನ ಕೆಂಚಿಯ ಮುಖವನ್ನೇ ನೋಡಿರಲಿಲ್ಲ. ದನಿ ಸ್ವಲ್ಪ ಸಣ್ಣಗೆ ಮಾಡಿ ಎನ್ನುವರು, ಮಾಡುವಳು. ಇನ್ನೂ ನಿಮ್ಮೂರ ಥರ ಹೇಳಿ ಎನ್ನುವರು, ತಾಯಿ ಸುಂಕಮ್ಮ ಕುರಿ ಗದರುವುದು, ನೆರೆಯವರ ಜೊತೆ ಜಗಳಾಡುವುದು ಎಲ್ಲವನ್ನೂ ನೆನಪಿಸಿಕೊಂಡು ಹೇಳುವಳು. ಗಾಜಿನಾಚೆ ಹುಡುಗರು ಹೊಟ್ಟೆ ಹಿಡಿದು ನಗುವುದು ಕಂಡರೆ ಅವಳಿಗೆ ಹುರುಪು ಏರುತ್ತಿತ್ತು. ಅವಳ ಕಣ್ಣ ಮುಂದೆ ಕೆಂಚಿ ಎಂದರೆ ತಾಯಿಯ ಹಟ್ಟಿಯ ಕೆಂಚು ಕುರಿ. ಹಿಂಡಿನ ಮುಂದೆ ನಡೆಯುವ, ಯಾರ ಮರಿ ಬಂದರೂ ಒದೆಯದೆ ಹಾಲು ಕೊಡುವ ಕುರಿ.

ಐದನೆಯ ಸಿನಿಮಾದಲ್ಲಿ ಕೆಂಚಿಯ ಮರಿ ಕಳೆದುಹೋಗುತ್ತದೆ. ಬರೆದಿಟ್ಟ ಮಾತು ರಂಗನಾಥನಿಗೇ ಒಪ್ಪಿಗೆಯಾಗಲಿಲ್ಲ. ನಿಮ್ಮ ಮಗು ಕಾಣದಿದ್ದರೆ ಏನೆಂದು ಕರೀತೀರೋ ಹಾಗೆ ಕರೆಯಿರಿ ಎಂದ. ಶಂಕ್ರಮ್ಮ ಕಣ್ಣು ಮುಚ್ಚಿಕೊಂಡಳು. "ಎಲ್ಲಿದ್ದೀಯವ್ವಾ ನನ್ನ ಕೂಸ? ಉಂಡಿಯೇನು? ಹೊಟ್ಟಿ ತುಂಬ ಉಂಡಿಯೇನು?" ಎಂದು ಕರೆದಳು. ಕರೆಯುವಾಗ ದನಿ ಒಡೆಯಿತು. ಇನ್ನೊಮ್ಮೆ ಬೇಕೇ ಎಂದು ಕೇಳಿದರೆ, ಬೇಡ, ಇದೇ ಇರಲಿ ಎಂದರು. ಈ ಕೆಲಸದ ಸುದ್ದಿ ಊರಿಗೆ ಹೇಳಿರದಿದ್ದರೂ ಮಗಳು ಎಂದಾದರೂ ಇದನ್ನು ಕೇಳಿಯಾಳು, ಕೇಳಿದರೆ ಗುರುತು ಹಿಡಿಯದೆ ಇರಲಾರಳು ಎಂದುಕೊಂಡು ಅವಳು ಆ ದಿನ ನಡೆದೇ ಕೋಣೆಗೆ ಬಂದಳು.

ಅಷ್ಟರಲ್ಲಿ ಸುಶ್ಮಿತಾಗೆ ಎಂಟು ತುಂಬಿತ್ತು. ಊರಿನ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ಈಚೀಚೆಗೆ ಫೋನಿನಲ್ಲಿ ಅವಳ ಮಾತು ಕಡಿಮೆಯಾಗಿತ್ತು. ಉಂಡಿಯೇನು ಎಂದರೆ ಹೂಂ, ಶಾಲೆಗೆ ಹೋದಿಯೇನು ಎಂದರೆ ಹೂಂ, ಆಮೇಲೆ ಅಜ್ಜಿಯ ಕೈಗೆ ಫೋನು. ಬೆಳೆಯುವ ಹುಡುಗಿ, ನಾಚಿಕೆ ಇರಬೇಕು ಎಂದು ಶಂಕ್ರಮ್ಮ ಸಮಾಧಾನ ಮಾಡಿಕೊಂಡಿದ್ದಳು.

ಉಗಾದಿಗೆ ನಾಲ್ಕು ದಿನ ರಜೆ ಸಿಕ್ಕಿತು. ಊರಿಗೆ ಹೊರಟಾಗ ಮೆಜೆಸ್ಟಿಕ್ಕಿನ ಅಂಗಡಿಯೊಂದರಲ್ಲಿ ಆರೂ ಸಿನಿಮಾ ಒಂದೇ ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದರು. ರಂಗನಾಥ್ ಕೊಡುತ್ತೇನೆಂದು ಹೇಳುತ್ತಲೇ ಇದ್ದ, ಒಂದೂ ಕೊಟ್ಟಿರಲಿಲ್ಲ. ಶಂಕ್ರಮ್ಮ ಕೊಂಡಳು. ಡಬ್ಬಿಯ ಮೇಲೆಲ್ಲ ಚುರುಕಿಯೇ. ಹಿಂದೆ ದನಿ ಕೊಟ್ಟವರ ಹೆಸರು ಇತ್ತು. ರೇಡಿಯೋ ಹುಡುಗಿಯದು ಮೊದಲು, ನರಿಯದು, ಕರಡಿಯದು, ಆಮೇಲೆ 'ಮತ್ತು ಇತರರು'. ಅವಳು ಎರಡು ಸಲ ಓದಿದಳು. ಇರಲಿ, ದನಿಯಂತೂ ಒಳಗಿದೆಯಲ್ಲ ಎಂದುಕೊಂಡು ಪ್ಲಾಸ್ಟಿಕ್ ಹರಿಯದೆ ಬ್ಯಾಗಿನ ಅಡಿಗೆ ಇಟ್ಟಳು.

ಮನೆಯಲ್ಲಿ ಅದನ್ನು ಮಗಳ ಕೈಗೆ ಕೊಟ್ಟಾಗ ಸುಶ್ಮಿತಾ ತಿರುಗಿಸಿ ನೋಡಿ, "ಇದು ನಮ್ಮ ಶಾಲೆಯಲ್ಲಿದೆ. ಎಲ್ಲಾ ನೋಡಿದ್ದೇನೆ" ಎಂದಳು. ಪುಸ್ತಕದಿಂದ ಎತ್ತಿಟ್ಟಂಥ ಮಾತು. ಹೆಡ್‌ಮಾಸ್ತರು ಚನ್ನಬಸವಯ್ಯನವರು ಬಳ್ಳಾರಿಯಿಂದ ತಂದು ಶನಿವಾರ ಶಾಲೆಯಲ್ಲಿ ತೋರಿಸುತ್ತಾರಂತೆ. ಮಕ್ಕಳು ಶುದ್ಧ ಕನ್ನಡ ಕಲಿಯಲಿ ಎಂದು. ಅಜ್ಜಿ ಸುಂಕಮ್ಮ ನಡುವೆ ಬಾಯಿ ಹಾಕಿದಳು. "ಈಗ ನನ್ನ ಮಾತೂ ತಿದ್ದತಾಳವ್ವ ಈಕಿ. ಯಾಕ ಅನ್ನಬಾರದಂತ, ಏಕೆ ಅನ್ನಬೇಕಂತ."

ಶಂಕ್ರಮ್ಮ ನಕ್ಕಳು. ಇವರಲ್ಲಿ ನಿನಗೆ ಯಾರು ಸೇರುತ್ತಾರೆ ಎಂದು ಮಗಳನ್ನು ಕೇಳಿದಳು. ಚುರುಕಿ ಎಂದಳು ಸುಶ್ಮಿತಾ. ಮತ್ತೆ ಕೆಂಚಿ ಎಂದು ಕೇಳಿದರೆ ಮಗಳು ನೀರು ಕುಡಿಯಲು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಪಕ್ಕದ ಉಚ್ಚಂಗೆಪ್ಪನ ಮನೆಯಲ್ಲಿ ಓಣಿಯ ಮಕ್ಕಳೆಲ್ಲ ಸೇರಿದರು. ಅವನು ಬಸ್ ಡಿಪೋದಲ್ಲಿ ನೌಕರಿಯಲ್ಲಿದ್ದವನು, ಮನೆಯಲ್ಲಿ ದೊಡ್ಡ ಟಿವಿ, ಡಿವಿಡಿ ಪ್ಲೇಯರು ಎರಡೂ ಇದ್ದವು. ಬೆಂಗಳೂರಿನಿಂದ ಡಬ್ಬಿ ಬಂದಿದೆಯೆಂದು ಕೇಳಿ ಅವನೇ ಎಲ್ಲರನ್ನೂ ಕರೆದಿದ್ದ. ಐದನೆಯದು ಹಾಕು ಎಂದು ಮಕ್ಕಳು ಕೂಗಿದರು. ಶಂಕ್ರಮ್ಮ ತಾಯಿಯ ಪಕ್ಕದಲ್ಲಿ ಬಾಗಿಲ ಬಳಿ ಕೂತಳು.

ಚುರುಕಿ ಅಂದವಾಗಿತ್ತು. ಕೆಂಪು ಫ್ರಾಕು, ಹೊಳೆಯುವ ಕಣ್ಣು. ಅದು ಮಾತಾಡಿದರೆ ಮುತ್ತು ಉದುರಿದಂತೆ. ಆಮೇಲೆ ಕೆಂಚಿ ಬಂತು. ಉಬ್ಬಿದ ಹೊಟ್ಟೆ, ಒಂದರ ಕಡೆಗೊಂದು ತಿರುಗಿದ ಕಣ್ಣು, ಜೋಲುವ ತುಟಿ. ಮೈಮೇಲೆ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಸುಂಕಮ್ಮ ಕುರಿ ಹೊಡೆಯುವಾಗ ಸಿಕ್ಕಿಸುವ ಹಾಗೆಯೇ. ಅದು "ಯಾಕ?" ಎಂದು ಬಾಯಿ ತೆರೆದ ಕೂಡಲೇ ತಮಟೆ ಹರಿದಂಥ ಒಂದು ಸದ್ದು ಹಾಕಿದ್ದರು, ಮಕ್ಕಳು ಬಿದ್ದುಬಿದ್ದು ನಕ್ಕರು. ಮುಂದಿನ ಮಾತಿಗೆ ಅದು ಕೆಸರಿಗೆ ಬಿತ್ತು. ಅದರ ಮುಂದಿನದಕ್ಕೆ ಚುರುಕಿ ಅದರ ಮಾತನ್ನು ತಿದ್ದಿತು. ಕೆಂಚಿ ತಪ್ಪುತಪ್ಪಾಗಿ ಅದನ್ನೇ ಮತ್ತೆ ಹೇಳಿತು, ಮಕ್ಕಳು ಅದರ ಜೊತೆಗೇ ಹೇಳಿದರು, ಅವರಿಗೆ ಎಲ್ಲ ಬಾಯಿಪಾಠ.

ಕೆಂಚಿಯ ಮರಿ ಕಳೆದುಹೋಯಿತು. ಶಂಕ್ರಮ್ಮ ಸೆರಗು ಬಿಗಿಹಿಡಿದಳು. ಕೆಂಚಿ ಒಂದು ಬಿಳಿ ಗುಂಡುಕಲ್ಲನ್ನು ಕಂಡು, ಅದನ್ನೇ ತನ್ನ ಮರಿಯೆಂದು ತಿಳಿದು, ಓಡಿ ಹೋಗಿ ತಬ್ಬಿಕೊಂಡಿತು. "ಎಲ್ಲಿದ್ದೀಯವ್ವಾ ನನ್ನ ಕೂಸ? ಉಂಡಿಯೇನು? ಹೊಟ್ಟಿ ತುಂಬ ಉಂಡಿಯೇನು?" ದನಿ ಒಡೆದದ್ದೂ ಹಾಗೆಯೇ ಇತ್ತು. ಅಳುತ್ತ ಕಲ್ಲಿನ ಬಾಯಿಗೆ ಹುಲ್ಲು ತುರುಕಿತು. ಮರಿ ಹಿಂದೆಯೇ ನಿಂತು ತಲೆ ಚಚ್ಚಿಕೊಳ್ಳುತ್ತಿತ್ತು. ಉಚ್ಚಂಗೆಪ್ಪನೂ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಮಕ್ಕಳ ನಡುವೆ ಸುಶ್ಮಿತಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ಒಮ್ಮೆಯೂ ಬಾಗಿಲ ಕಡೆಗೆ ತಿರುಗದೆ.

ಸುಂಕಮ್ಮ ಮಾತ್ರ ನಗಲಿಲ್ಲ. ಮಗಳ ಕಿವಿಯ ಹತ್ತಿರ ಬಾಗಿ, "ಇದು ನಿನ್ನ ದನಿ ಅಲ್ಲೇನ?" ಎಂದಳು.

ಶಂಕ್ರಮ್ಮ ಎದ್ದು ಮನೆಗೆ ಬಂದಳು. ಸಿನಿಮಾ ಮುಗಿದ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು. ಸುಂಕಮ್ಮನಿಗೆ ತಡೆಯಲಾಗಲಿಲ್ಲ. ಏನವ್ವ ನೀನು, ನಿನ್ನ ಹಡೆದವ್ವನ ದನಿ ನಿನಗೆ ತಿಳಿಯಲಿಲ್ಲವೇ ಎಂದು ಮೊಮ್ಮಗಳನ್ನು ಗದರಿದಳು.

"ಗೊತ್ತು" ಎಂದಳು ಸುಶ್ಮಿತಾ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. "ಮೊದಲೇ ಗೊತ್ತು. ಐದನೇದು ನೋಡಿದ ದಿನಾನೇ."

ಯಾಕೆ ಹೇಳಲಿಲ್ಲ ಎಂಬುದನ್ನೂ ಅವಳೇ ಹೇಳಿದಳು. ಶಾಲೆಯಲ್ಲಿ ಯಾರಾದರೂ ಊರ ಮಾತು ಆಡಿದರೆ ಮಾಸ್ತರು ಅವರನ್ನು ಕೆಂಚಿ ಎಂದು ಕರೆಯುತ್ತಾರೆ. ಕರೆಸಿಕೊಂಡವರು ಆ ದಿನವೆಲ್ಲ ಹಿಂದಿನ ಸಾಲಿನಲ್ಲಿ ಕೂರಬೇಕು. ಅವಳು ಇನ್ನೂ ಒಂದು ಸಲವೂ ಕೂತಿಲ್ಲ. ಇಷ್ಟು ಹೇಳಿ ತಲೆಯೆತ್ತಿ, "ಅಮ್ಮಾ, ಯಾರಿಗೂ ಹೇಳಬೇಡಿ" ಎಂದಳು. ಹುಟ್ಟಿದಾಗಿನಿಂದ ಅವ್ವ ಎಂದು ಏಕವಚನದಲ್ಲಿ ಕರೆದ ಮಗಳು. ಆ 'ಬೇಡಿ' ಶಂಕ್ರಮ್ಮನಿಗೆ ಬಾಗಿಲು ಮುಚ್ಚಿದ ಹಾಗೆ ಕೇಳಿಸಿತು. ಹೇಳುವುದಿಲ್ಲ ಎಂದಳು. ಉಳಿದ ಎರಡು ದಿನ ಅವಳು ಓಣಿಯಲ್ಲಿ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ.

ಬೆಂಗಳೂರಿಗೆ ಬಂದ ಮೊದಲ ಭಾನುವಾರ ರಂಗನಾಥನ ಕಂಪನಿಗೆ ಹೋದಳು. ಅವನು ಖುಷಿಯಲ್ಲಿದ್ದ. ಏಳನೆಯದು ಪೂರ್ತಿ ಕೆಂಚಿಯ ಮೇಲೆಯೇ, ಕೆಂಚಿ ಪೇಟೆಗೆ ಬರುವ ಕಥೆ ಎಂದು ಶುರುಮಾಡಿದ. ಶಂಕ್ರಮ್ಮ ನಿಂತೇ ಇದ್ದಳು.

"ಅದು ನನ್ನ ಮಗಳನ್ನ ಕರಿಯೋ ಮಾತು ಇತ್ರಿ. ಯಾಕ ಕಲ್ಲಿಗೆ ಆಡಿಸಿದ್ರಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೇಜಾರೂ ಮಾಡಿಕೊಂಡ, ಅದನ್ನು ಅವಳು ಸುಳ್ಳೆನ್ನಲಾರಳು. "ಮಕ್ಕಳು ನಗಬೇಕಲ್ಲಮ್ಮಾ" ಎಂದ. ನಗಿಸುವುದು ಪುಣ್ಯದ ಕೆಲಸ, ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದ. ಆ ಮಾತನ್ನು ತೆಗೆಯಲಾಗುವುದಿಲ್ಲವೇ ಎಂದು ಅವಳು ಕೇಳಿದಳು. ಊರೂರಿಗೆ ಹೋಗಿರುವ ಡಿವಿಡಿಯಿಂದ ಹೇಗೆ ತೆಗೆಯುವುದು ಎಂದು ಅವನು ಕೈ ಚೆಲ್ಲಿದ.

ಹಾಗಾದರೆ ಏಳನೆಯದರಲ್ಲಿ ಕೆಂಚಿ ಚುರುಕಿಯ ಹಾಗೆ ಮಾತಾಡಲಿ, ತಾನು ಕಲಿತು ಮಾತಾಡುತ್ತೇನೆ ಎಂದಳು ಶಂಕ್ರಮ್ಮ. ಮೇಜಿನ ಮೇಲಿದ್ದ, ಚುರುಕಿಯ ಮಾತು ಬರೆದ ಕಾಗದ ಎತ್ತಿಕೊಂಡು ಓದಿಯೂ ತೋರಿಸಿದಳು. ಬಸ್ಸಿನಲ್ಲಿ ಬರುವಾಗಲೇ ಬಾಯಲ್ಲಿ ಹೇಳಿಕೊಂಡು ಬಂದಿದ್ದಳು. ಏಕೆ, ಎಲ್ಲಿಗೆ, ಹೊರಟಿದ್ದೀರಿ. ಒಂದೂ ತಪ್ಪಲಿಲ್ಲ. ರಂಗನಾಥ್ ಕೊನೆಯವರೆಗೆ ಕೇಳಿ ಮೆಲ್ಲಗೆ ಹೇಳಿದ, "ಹೀಗೆ ಮಾತಾಡೋರು ಬೆಂಗಳೂರಲ್ಲಿ ಸಾವಿರ ಜನ ಸಿಗ್ತಾರಮ್ಮಾ."

ಅವಳು ಕಾಗದ ಇಟ್ಟು ಬಂದಳು. ಮತ್ತೆ ಕರೆ ಬರಲಿಲ್ಲ. ಒಂದು ದಿನ ಲೈನಿನ ಹೆಂಗಸೊಬ್ಬಳು ತನ್ನ ಮಗುವಿಗೆಂದು ಕೆಂಚಿಯ ಚಿತ್ರದ ಬ್ಯಾಗು ತಂದು ತೋರಿಸಿದಾಗ ಕದರಮ್ಮ ಸಿಟ್ಟಿನಿಂದ ಬಾಯಿ ತೆರೆದಳು. ಶಂಕ್ರಮ್ಮ ಮೆಷಿನಿನಿಂದ ತಲೆಯೆತ್ತದೆ, "ಸುಮ್ಮನಿರು" ಎಂದಳು. ನಾಲ್ಕು ವರ್ಷ ನಕ್ಕು ನಗಿಸಿದ ಬಾಯಿ ಈಗ ಲೆಕ್ಕ ಹಾಕಿ ತೆರೆಯುತ್ತಿತ್ತು. ಸೂಪರ್‌ವೈಸರು, ಕನ್ನಡ ಸುಧಾರಿಸಿದೆ ಎಂದು ಮೆಚ್ಚಿದ.

ದೀಪಾವಳಿಯ ಹೊತ್ತಿಗೆ ಏಳನೆಯದು ನೇಮಕಲ್ಲಿನ ಶಾಲೆಗೂ ಬಂತು. ಭಾನುವಾರ ಫೋನು ಮಾಡಿದಾಗ ಸುಶ್ಮಿತಾ ತಾನಾಗಿಯೇ ಅದರ ಮಾತು ತೆಗೆದಳು. ಬಹಳ ದಿನಗಳ ಮೇಲೆ ಹೂಂ ಅಲ್ಲದ ಮಾತು.

"ಈ ಸಲದ ಕೆಂಚಿ ಸರಿಯಿಲ್ಲ. ಯಾರೋ ಬೇರೆಯವರು. ಯಾರಿಗೂ ನಗು ಬರಲಿಲ್ಲ."

ಶಂಕ್ರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಮಗಳು ಇನ್ನೇನಾದರೂ ಹೇಳಿಯಾಳು, ನೀನು ಯಾಕೆ ಬಿಟ್ಟೆ ಎಂದಾದರೂ ಕೇಳಿಯಾಳು ಎಂದು ಕಾದಳು. ಆಚೆ ಕುರಿಗಳು ಕೂಗುವುದು ಕೇಳಿಸಿತು. "ಊಟ ಮಾಡಿದೆಯಾ ಪುಟ್ಟಿ?" ಎಂದಳು, ತಪ್ಪಾಗದ ಹಾಗೆ, ನಿಧಾನವಾಗಿ.

"ಮಾಡಿದೆ" ಎಂದು ಸುಶ್ಮಿತಾ ಫೋನನ್ನು ಅಜ್ಜಿಗೆ ಕೊಟ್ಟು ಆಡಲು ಹೋದಳು.